45ಕ್ಕೆ ಕೆಲಸ ಬಿಟ್ಟು ಮಕ್ಕಳ ಜೊತೆ ತಿರುಗಾಡುವ ಪ್ಲಾನ್: 3 ಕೋಟಿ ಸಾಕಾಗುತ್ತಾ?

ಸಾಗರದವನು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ಒಂದು ಪ್ರಶ್ನೆ ಇದೆ.

ನನಗೆ 38, ಹೆಂಡತಿಗೆ 35. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಅವಳು ಫಿಸಿಯೋಥೆರಪಿಸ್ಟ್. ಮಗಳಿಗೆ 9, ನಾಲ್ಕನೇ ಕ್ಲಾಸ್. ಮಗನಿಗೆ 4, ಎಲ್‌ಕೆಜಿ. ಅಪ್ಪ ಅಮ್ಮ ಊರಲ್ಲಿದ್ದಾರೆ, ಸಣ್ಣ ಅಡಿಕೆ ತೋಟ ಇದೆ.

ಇಪಿಎಫ್ 32 ಲಕ್ಷ, ಮ್ಯೂಚುವಲ್ ಫಂಡ್ 48 ಲಕ್ಷ, ಪಿಪಿಎಫ್ 14 ಲಕ್ಷ, ಎಫ್‌ಡಿ 10 ಲಕ್ಷ. ಒಟ್ಟು 1.04 ಕೋಟಿ. ತಿಂಗಳಿಗೆ 70 ಸಾವಿರ ಉಳಿಸುತ್ತೇವೆ. ಮನೆ ಸಾಲ ಇನ್ನು 5 ವರ್ಷ ಇದೆ. ಅದರ ಕಂತು ಬಿಟ್ಟು ತಿಂಗಳ ಖರ್ಚು 85 ಸಾವಿರ, ಶಾಲೆ ಫೀ ಸೇರಿ.

ನನ್ನ ಆಸೆ ಇಷ್ಟೇ. 45ಕ್ಕೆ ಕೆಲಸ ಬಿಡಬೇಕು, ಮಕ್ಕಳನ್ನು ಕರೆದುಕೊಂಡು ದೇಶ ಸುತ್ತಬೇಕು. ಮೂರು ದಿನ ಎರಡು ರಾತ್ರಿ ಪ್ಯಾಕೇಜ್ ಟೂರ್ ಬೇಡ. ಒಂದೊಂದು ಊರಲ್ಲಿ ತಿಂಗಳು ಇದ್ದು ನೋಡುವುದು. ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕು ಅಂತ ಎಲ್ಲ ಕಡೆ ಓದಿದ್ದೇನೆ. 10.2 ಲಕ್ಷಕ್ಕೆ 25 ಪಟ್ಟು ಅಂದರೆ 2.55 ಕೋಟಿ. ನಾನು 3 ಕೋಟಿ ಅಂತ ಗುರಿ ಇಟ್ಟುಕೊಂಡಿದ್ದೇನೆ. ಸಾಕಾಗುತ್ತಾ? ಮಕ್ಕಳು ಇರುವವರು ಯಾರಾದರೂ ಹೀಗೆ ಮಾಡಿದ್ದೀರಾ?

ಲೆಕ್ಕದ ರಾಯ

ಸರ್, ಇವತ್ತಿನ ಖರ್ಚಿಗೆ 25 ಪಟ್ಟು ಹಾಕಿದ್ದೀರಿ, ಕೆಲಸ ಬಿಡುವುದು 7 ವರ್ಷದ ನಂತರ. ಬೆಲೆ ಏರಿಕೆ ಶೇ. 6 ಅಂತ ಹಿಡಿದರೆ 85 ಸಾವಿರ ಆಗ 1.28 ಲಕ್ಷ ಆಗುತ್ತದೆ. ವರ್ಷಕ್ಕೆ 15.3 ಲಕ್ಷ. ಅದರ 25 ಪಟ್ಟು 3.83 ಕೋಟಿ.

ಈಗ ನಿಮ್ಮ ಕಡೆ ಲೆಕ್ಕ. 1.04 ಕೋಟಿ ಶೇ. 10ರಂತೆ 7 ವರ್ಷಕ್ಕೆ 2.03 ಕೋಟಿ. ತಿಂಗಳಿಗೆ 70 ಸಾವಿರದಿಂದ ಇನ್ನೊಂದು 80 ಲಕ್ಷ. ಒಟ್ಟು 2.83 ಕೋಟಿ. ಇಪಿಎಫ್, ಪಿಪಿಎಫ್‌ಗೆ ಶೇ. 10 ಬರುವುದಿಲ್ಲ, ಹಾಗಾಗಿ ಇದೂ ಸ್ವಲ್ಪ ಉದಾರವಾದ ಲೆಕ್ಕವೇ. ಒಂದು ಕೋಟಿ ಕೊರತೆ ಕಾಣಿಸುತ್ತಿದೆ.

ಇನ್ನೊಂದು ಮಾತು. ಈ 25 ಪಟ್ಟಿನ ಸೂತ್ರ ನಮ್ಮ ದೇಶದ್ದಲ್ಲ. ವಿಲಿಯಂ ಬೆಂಗನ್ ಅನ್ನುವ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಅಲ್ಲಿಯ ಷೇರು, ಬಾಂಡ್ ಅಂಕಿಅಂಶ ಇಟ್ಟುಕೊಂಡು ಲೆಕ್ಕ ಹಾಕಿದ್ದು. ಮೊದಲ ವರ್ಷ ಶೇ. 4, ಅಂದರೆ ಗಂಟಿನ 25ರಲ್ಲಿ ಒಂದು ಭಾಗ ತೆಗೆದು, ಆಮೇಲೆ ಬೆಲೆ ಏರಿಕೆಯಷ್ಟು ಹೆಚ್ಚಿಸುತ್ತಾ ಹೋದರೆ 30 ವರ್ಷ ದುಡ್ಡು ಬರುತ್ತದೆ ಅಂತ. 30 ವರ್ಷ! ನೀವು 45ಕ್ಕೆ ಬಿಟ್ಟರೆ 75ಕ್ಕೆ ಮುಗಿಯಿತು. ಆಮೇಲೆ ಮಕ್ಕಳ ಮುಂದೆ ಕೈ ಚಾಚುತ್ತೀರಾ? ಇಲ್ಲಿ 33 ಪಟ್ಟು ಇಟ್ಟುಕೊಳ್ಳುವುದು ಒಳ್ಳೆಯದು. ಅಂದರೆ 5 ಕೋಟಿ.

ಮಂಡ್ಯದ ಗೌಡ

5 ಕೋಟಿ ಇದ್ದರೆ ನಾನು ಇವತ್ತೇ ರಾಜೀನಾಮೆ ಕೊಡುತ್ತೇನೆ ಗುರು 😂

ಕುಂದಾಪುರದ ಶಾಂತಿ

ಎಲ್ಲರೂ ದುಡ್ಡಿನ ಲೆಕ್ಕ ಮಾಡುತ್ತಿದ್ದೀರಿ. ಮಗಳ ವಯಸ್ಸಿನ ಲೆಕ್ಕ ಯಾರೂ ಮಾಡಲಿಲ್ಲ. ನಿಮಗೆ 45 ಆದಾಗ ಅವಳಿಗೆ 16. ಅಂದರೆ ಪಿಯುಸಿ. ಕಾಲೇಜು, ಟ್ಯೂಷನ್, ಸಿಇಟಿ, ನೀಟ್. ಯಾವ ದೇಶ ಸುತ್ತಿಸುತ್ತೀರಿ ಅವಳನ್ನು?

ನನ್ನ ಮಗ ಈಗ ಸೆಕೆಂಡ್ ಪಿಯುಸಿ. ಕಳೆದ ಬೇಸಿಗೆಯಲ್ಲಿ ಅಜ್ಜಿ ಮನೆಗೆ ಹೋಗುವುದಕ್ಕೂ ಬಿಡುವಿರಲಿಲ್ಲ. ಬಿಡುವಿದ್ದಾಗ ಅವನಿಗೆ ನಮ್ಮ ಜೊತೆ ಬರುವ ಮನಸ್ಸಿಲ್ಲ, ಫ್ರೆಂಡ್ಸ್ ಬೇಕು. 7ರಿಂದ 12 ವರ್ಷದವರೆಗೆ "ಅಮ್ಮಾ ಎಲ್ಲಿಗೆ ಹೋಗುವಾ" ಅಂತ ಜೀವ ತಿನ್ನುತ್ತಿದ್ದ. ಆಗ ನಮಗೆ ರಜೆ ಸಿಗುತ್ತಿರಲಿಲ್ಲ.

ಡಬಲ್ ಸ್ಟ್ರಾಂಗ್ ಕಾಫಿ

ಶಾಂತಿಯಕ್ಕ ಹೇಳಿದ್ದೇ ಮುಖ್ಯ ವಿಷಯ. ದುಡ್ಡು ಕೂಡುವ ಹೊತ್ತಿಗೆ ಮಕ್ಕಳು ದೊಡ್ಡವರಾಗಿರುತ್ತಾರೆ. ಬೇಗ ನಿವೃತ್ತಿ ಅನ್ನುವುದು ಮಕ್ಕಳಿಲ್ಲದವರಿಗೆ, ಇಲ್ಲ 25ಕ್ಕೆ ಮದುವೆಯಾದವರಿಗೆ ಸರಿ.

ನಿವೃತ್ತ ಮ್ಯಾನೇಜರ್

ನನ್ನದು ಬೇರೆ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ. ನಾನು ಸರ್ಕಾರಿ ಬ್ಯಾಂಕಿನಲ್ಲಿದ್ದೆ. ನಮ್ಮಲ್ಲಿ 20 ವರ್ಷ ಸರ್ವೀಸ್ ಆದರೆ ಮೂರು ತಿಂಗಳ ನೋಟಿಸ್ ಕೊಟ್ಟು ಪಿಂಚಣಿ ಸಮೇತ ಹೊರಬರಬಹುದು. ಅದೂ 2010ರ ಏಪ್ರಿಲ್‌ಗೆ ಮುಂಚೆ ಸೇರಿದವರಿಗೆ ಮಾತ್ರ, ಆಮೇಲಿನವರು ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ನನ್ನ ಜೊತೆಯವರು ಕೆಲವರು 48, 50ಕ್ಕೆ ಬಿಟ್ಟರು. ಪಿಂಚಣಿ ಇದ್ದರೂ ಎರಡು ವರ್ಷದಲ್ಲಿ ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಯಾವುದೋ ಸೊಸೈಟಿಯಲ್ಲಿ ಅರ್ಧ ಸಂಬಳಕ್ಕೆ ಲೆಕ್ಕ ಬರೆಯಲು ಸೇರಿಕೊಂಡರು.

ನಿಮಗೆ ಪಿಂಚಣಿಯೂ ಇಲ್ಲ. ದುಡಿಯುವ ವಯಸ್ಸಿನಲ್ಲಿ ದುಡಿಯಬೇಕು. ತಿರುಗುವುದಕ್ಕೆ ರಜೆ ಇದೆಯಲ್ಲ?

ಡಬಲ್ ಸ್ಟ್ರಾಂಗ್ ಕಾಫಿ

ಸಾರ್, ನಿಮ್ಮ ಕಾಲದಲ್ಲಿ 60ರವರೆಗೆ ಕೆಲಸ ಗ್ಯಾರಂಟಿ ಇತ್ತು. ಐಟಿಯಲ್ಲಿ 45 ದಾಟಿದವರನ್ನು ಇಟ್ಟುಕೊಳ್ಳುವುದೇ ಕಷ್ಟ. ನಾವು ಬಿಡದಿದ್ದರೆ ಅವರೇ ಬಿಡಿಸುತ್ತಾರೆ. ಅದಕ್ಕೇ ಈಗಿನವರು ಬೇಗ ಲೆಕ್ಕ ಹಾಕುವುದು. ಶೋಕಿ ಅಂದುಕೊಳ್ಳಬೇಡಿ.

ನಿವೃತ್ತ ಮ್ಯಾನೇಜರ್

ಹಾಗಿದ್ದರೆ ಇನ್ನೂ ಜಾಸ್ತಿ ಉಳಿಸಬೇಕು, ಕಡಿಮೆ ತಿರುಗಬೇಕು. ತಪ್ಪಾ?

ಸಾಗರದವನು

ಎಲ್ಲರಿಗೂ ಥ್ಯಾಂಕ್ಸ್. ಶಾಂತಿ ಮೇಡಂ, 16 ವರ್ಷದ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ, ನಿಜ. ಎಕ್ಸೆಲ್ ಶೀಟಿನಲ್ಲಿ ಫೀ ಅಂತ ಒಂದು ಸಾಲು ಇದೆ, ಅವಳ ಕ್ಲಾಸು ಯಾವುದು ಅಂತ ಸಾಲು ಇರಲಿಲ್ಲ.

ಮ್ಯಾನೇಜರ್ ಸರ್, ಪಿಂಚಣಿ ಪೂರ್ತಿ ಇಲ್ಲ ಅನ್ನುವಂತಿಲ್ಲ, ಪಿಎಫ್ ಜೊತೆ ಬರುವ ಪಿಂಚಣಿ ಯೋಜನೆ ಇಪಿಎಸ್ ಇದೆಯಲ್ಲ?

ಲೆಕ್ಕದ ರಾಯ

ಇದೆ, ಕಾಫಿಪುಡಿಗೆ ಆಗುತ್ತದೆ. ಇಪಿಎಸ್‌ನಲ್ಲಿ ಪಿಂಚಣಿಗೆ ಲೆಕ್ಕವಾಗುವ ಸಂಬಳದ ಮಿತಿ 15 ಸಾವಿರ. ಅದನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 20 ವರ್ಷಕ್ಕೆ ತಿಂಗಳಿಗೆ 4 ಸಾವಿರ ಚಿಲ್ಲರೆ. ಅದೂ 58ಕ್ಕೆ. 50ರಿಂದ ತೆಗೆದುಕೊಳ್ಳಬಹುದು, ಆದರೆ ಮುಂಚಿನ ಪ್ರತಿ ವರ್ಷಕ್ಕೆ ಶೇ. 4 ಕಡಿತ.

ಇಪಿಎಫ್ ದುಡ್ಡನ್ನು ಕೆಲಸ ಬಿಟ್ಟ ಮೇಲೂ ಅಲ್ಲೇ ಬಿಟ್ಟರೆ 58ರವರೆಗೆ ಬಡ್ಡಿ ಬರುತ್ತದೆ. ಆದರೆ ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಕಟ್ಟಬೇಕು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಪಿಪಿಎಫ್‌ಗೆ ಆ ತಾಪತ್ರಯ ಇಲ್ಲ. 15 ವರ್ಷ ಮುಗಿದ ಮೇಲೆ ಐದೈದು ವರ್ಷ ಮುಂದುವರಿಸಬಹುದು, ಬಡ್ಡಿಗೆ ತೆರಿಗೆಯೂ ಇಲ್ಲ.

ಪಾಲಿಸಿ ಮಿತ್ರ

ಸರ್ ನಿಮ್ಮಂಥವರಿಗೆ ಗ್ಯಾರಂಟಿ ಆದಾಯದ ಒಳ್ಳೆ ಪ್ಲಾನ್ ಇದೆ. 10 ವರ್ಷ ಕಟ್ಟಿ, ಜೀವನಪೂರ್ತಿ ಪಡೆಯಿರಿ. ಇನ್‌ಬಾಕ್ಸ್ ನೋಡಿ.

ಮಂಡ್ಯದ ಗೌಡ

ಬಂದ್ರು ನೋಡಿ. ದಿನಾ ಯಾರಾದರೊಬ್ಬರು ಬರಲೇಬೇಕು.

ನಿರ್ವಾಹಕ

ಪಾಲಿಸಿ ಮಿತ್ರ ಅವರೇ, ಇಲ್ಲಿ ವ್ಯಾಪಾರ ಬೇಡ ಅಂತ ಮೊದಲೇ ಹೇಳಿದ್ದೇವೆ. ಇದು ಕೊನೆಯ ಎಚ್ಚರಿಕೆ.

ಅಲೆಮಾರಿ ಅಪ್ಪ

ನಾನು ಮಾಡಿದ್ದೇನೆ, ಹೇಳುತ್ತೇನೆ ಕೇಳಿ. ಪೂರ್ತಿ ನಿವೃತ್ತಿ ಅಲ್ಲ. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಶಾಲೆ ವರ್ಷ ಇಬ್ಬರೂ ಕೆಲಸ ಬಿಟ್ಟೆವು. ಆಮೇಲೆ ಮತ್ತೆ ಸೇರಿದೆವು. ನನ್ನ ಸಂಬಳ ಸ್ವಲ್ಪ ಕಡಿಮೆಯಾಯಿತು, ಹೆಂಡತಿಗೆ ಮೊದಲಿಗಿಂತ ಒಳ್ಳೆ ಕೆಲಸ ಸಿಕ್ಕಿತು.

ದೊಡ್ಡ ತಲೆನೋವು ದುಡ್ಡಲ್ಲ, ಶಾಲೆ. ನಮ್ಮ ಶಾಲೆಯವರು ಸೀಟು ಹಿಡಿದಿಡುವುದಿಲ್ಲ, ಟಿಸಿ ತೆಗೆದುಕೊಂಡು ಹೋಗಿ ಅಂದರು. ವಾಪಸ್ ಬಂದಾಗ ಅದೇ ಶಾಲೆಯಲ್ಲಿ ಹೊಸ ಅಡ್ಮಿಷನ್ ಫೀ ಕೇಳಿದರು. ನಾವು ಬೇರೆ ಶಾಲೆಗೆ ಹಾಕಿದೆವು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲಿ 6ರಿಂದ 14 ವರ್ಷದ, ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಅಂತ ಇದೆ. ಖಾಸಗಿ ಶಾಲೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ಅದು ಬೇರೆ ಮಾತು. ಮಗುವಿನ ಎಸ್‌ಎಟಿಎಸ್ ನಂಬರ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ) ಜೋಪಾನವಾಗಿ ಇಟ್ಟುಕೊಳ್ಳಿ. ಟಿಸಿಯಲ್ಲಿ ಅದು ಸರಿಯಾಗಿ ಬಂದಿದೆಯಾ ನೋಡಿಕೊಳ್ಳಿ. ಅದೊಂದು ತಪ್ಪಾದರೆ ಅಲೆಯಬೇಕಾಗುತ್ತದೆ.

ಪಾಠ ಅಂತ ನಾವು ಹೆಚ್ಚು ಮಾಡಲಿಲ್ಲ. ಬೆಳಿಗ್ಗೆ ಒಂದೂವರೆ ಗಂಟೆ ಗಣಿತ, ಕನ್ನಡ. ಉಳಿದದ್ದು ಊರು ಸುತ್ತುವಾಗ ಬಂದಷ್ಟು. ಆರನೇ ಕ್ಲಾಸಿಗೆ ಸೇರಿದಾಗ ಗಣಿತದಲ್ಲಿ ಭಿನ್ನರಾಶಿಯೊಂದು ಹಿಂದೆ ಬಿದ್ದಿತ್ತು, ದಸರಾ ರಜೆಯಲ್ಲಿ ಸರಿಹೋಯಿತು.

ಮೇಷ್ಟ್ರು ಹಾಸನ

ಐದನೇ ಕ್ಲಾಸಿಗೆ ಇದು ನಡೆಯುತ್ತದೆ. ಎಂಟು, ಒಂಬತ್ತನೇ ಕ್ಲಾಸಿಗೆ ಮಾತ್ರ ಪ್ರಯತ್ನ ಮಾಡಬೇಡಿ. ನಾನು ಹೈಸ್ಕೂಲ್ ಗಣಿತ ಮೇಷ್ಟ್ರು. ಎಂಟರಲ್ಲಿ ತಪ್ಪಿದ ಬೀಜಗಣಿತ ಹತ್ತರವರೆಗೂ ಕಾಡುತ್ತದೆ.

ಹೈಸ್ಕೂಲಿನಲ್ಲೇ ತಿರುಗಬೇಕು ಅನ್ನುವವರಿಗೆ ಎನ್‌ಐಒಎಸ್ ಇದೆ, ಮುಕ್ತ ಶಾಲೆ. 14 ತುಂಬಿದ್ದರೆ ಅದರಲ್ಲಿ ಹತ್ತನೇ ತರಗತಿಗೆ ನೋಂದಾಯಿಸಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಸರ್ಟಿಫಿಕೇಟ್‌ಗೆ ಮಾನ್ಯತೆ ಇದೆ. ಆದರೆ ಓದಿಸುವವರು ಮನೆಯಲ್ಲಿ ಇರಬೇಕು. ಪುಸ್ತಕ ಕೊಟ್ಟು ಓದಿಕೋ ಅಂದರೆ ಆಗಲ್ಲ.

ಡಬಲ್ ಸ್ಟ್ರಾಂಗ್ ಕಾಫಿ

ಅಲೆಮಾರಿ ಅಪ್ಪ, ಒಂದು ವರ್ಷಕ್ಕೆ ಎಷ್ಟು ಖರ್ಚಾಯಿತು? ಸುಮಾರಾಗಿ ಹೇಳಿ ಸಾಕು.

ಅಲೆಮಾರಿ ಅಪ್ಪ

ಬೆಂಗಳೂರಿನಲ್ಲಿ ಬದುಕುವುದಕ್ಕಿಂತ ಹೆಚ್ಚೇನೂ ಆಗಲಿಲ್ಲ. ನಮ್ಮ ಫ್ಲಾಟ್ ಬಾಡಿಗೆಗೆ ಕೊಟ್ಟಿದ್ದೆವು. ಶಾಲೆ ಫೀ, ಕಾರು, ವಾರಕ್ಕೆರಡು ಸಲ ಹೋಟೆಲ್, ಆನ್‌ಲೈನ್ ಶಾಪಿಂಗ್ ಎಲ್ಲ ನಿಂತಿತು. ಒಂದು ಊರಲ್ಲಿ ತಿಂಗಳಿಗೆ ಮನೆ ಹಿಡಿದು ಅಡುಗೆ ಮಾಡಿಕೊಂಡರೆ ಹೋಟೆಲ್ ರೂಮಿನ ಅರ್ಧಕ್ಕಿಂತ ಕಡಿಮೆ. ದುಡ್ಡು ಹೋಗುವುದು ಓಡಾಟಕ್ಕೆ. ಮೂರು ದಿನಕ್ಕೊಂದು ಊರು ಬದಲಾಯಿಸಿದರೆ ದಿವಾಳಿ.

ಬೆಳಗಾವಿ ಸುಮಾ

ಒಂದು ಪ್ರಶ್ನೆ. "ಅಡುಗೆ ಮಾಡಿಕೊಂಡರೆ" ಅಂದಿರಲ್ಲ, ಯಾರು ಮಾಡಿದ್ದು?

ಮಂಡ್ಯದ ಗೌಡ

🍿

ಅಲೆಮಾರಿ ಅಪ್ಪ

ಬೆಳಿಗ್ಗೆ ನಾನು, ರಾತ್ರಿ ಅವಳು. ಬಟ್ಟೆ ನನ್ನ ಪಾಲು. ಹೊರಡುವ ಮುಂಚೆಯೇ ಮಾತಾಡಿಕೊಂಡಿದ್ದೆವು, ಇಲ್ಲಾಂದ್ರೆ ಜಗಳ ಖಾತ್ರಿ.

ಬೆಳಗಾವಿ ಸುಮಾ

ನಿಮ್ಮನೆ ಪುಣ್ಯ. ನಾನು ಕೇಳಿದ್ದು ಯಾಕಂದ್ರೆ, ಈ ಥರದ ಚರ್ಚೆಯಲ್ಲಿ ಗಂಡ ನಿವೃತ್ತನಾಗುತ್ತಾನೆ, ಹೆಂಡತಿ ಆಗುವುದೇ ಇಲ್ಲ. ಆಫೀಸು ಬಿಟ್ಟರೂ ಮೂರು ಹೊತ್ತಿನ ಅಡುಗೆ, ಮಕ್ಕಳ ಪಾಠ, ಅತ್ತೆ ಮಾವನ ಔಷಧಿ ಅವಳ ತಲೆ ಮೇಲೆ. ಸಾಗರದವರು ಇಷ್ಟುದ್ದ ಬರೆದಿದ್ದಾರೆ, ಹೆಂಡತಿಗೆ ಏನು ಬೇಕು ಅಂತ ಒಂದು ಸಾಲಿಲ್ಲ. ಫಿಸಿಯೋಥೆರಪಿ ಕೆಲಸ ಅವರಿಗೆ ಇಷ್ಟ ಇರಬಹುದಲ್ಲ? 42ಕ್ಕೆ ಅವರೂ ಬಿಡಬೇಕಾ? ಬಿಡದಿದ್ದರೆ ತಿರುಗಾಟಕ್ಕೆ ಯಾರ ಜೊತೆ ಹೋಗುತ್ತೀರಿ?

ಸಾಗರದವನು

ಕೇಳಿದ್ದೇನೆ ಮೇಡಂ. ಅವಳಿಗೆ ತಿರುಗಾಟ ಇಷ್ಟ, ಕೆಲಸ ಬಿಡುವುದು ಇಷ್ಟ ಇಲ್ಲ. ಮುಂದೆ ಸ್ವಂತ ಕ್ಲಿನಿಕ್ ಮಾಡಬೇಕು ಅಂತಿದ್ದಾಳೆ. ಅದು ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಅಂತ ಇನ್ನೂ ಗೊತ್ತಾಗುತ್ತಿಲ್ಲ.

ಬೆಳಗಾವಿ ಸುಮಾ

ಅದು ಖರ್ಚಿನ ಕಡೆ ಅಂದುಕೊಳ್ಳಬೇಡಿ, ಆದಾಯದ ಕಡೆ ಬರೆಯಿರಿ! ಅವರ ಕ್ಲಿನಿಕ್ ನಡೆದರೆ ನಿಮಗೆ 5 ಕೋಟಿಯ ಭೂತ ಕಾಡುವುದಿಲ್ಲ. ನೀವು ಮನೆ ನೋಡಿಕೊಳ್ಳಿ 😀

ಲೆಕ್ಕದ ರಾಯ

ಸುಮಾ ಮೇಡಂ ಹೇಳಿದ್ದು ಲೆಕ್ಕಕ್ಕೂ ಸರಿ. ತಿಂಗಳಿಗೆ 50 ಸಾವಿರ ಆದಾಯ ಬರುತ್ತಿದ್ದರೆ ವರ್ಷಕ್ಕೆ 6 ಲಕ್ಷ. 33 ಪಟ್ಟಿನ ಲೆಕ್ಕದಲ್ಲಿ ಅದು 2 ಕೋಟಿ ಗಂಟಿಗೆ ಸಮ, ಎಷ್ಟು ವರ್ಷ ಬರುತ್ತದೋ ಅಲ್ಲಿಯವರೆಗೆ.

ಈಗ ಅಲೆಮಾರಿ ಅಪ್ಪನ ದಾರಿ ಹಿಡಿದರೆ ಏನಾಗುತ್ತದೆ ನೋಡೋಣ. ಸಾಗರದವರು ಈಗಲೇ ಒಂದು ವರ್ಷ ಬಿಡುವು ತೆಗೆದುಕೊಂಡರು ಅಂದುಕೊಳ್ಳಿ. ಆ ವರ್ಷದ ಉಳಿತಾಯ 8.4 ಲಕ್ಷ ಇಲ್ಲ. ಮನೆ ಸಾಲದ ಕಂತು, ತಿರುಗಾಟ ಎಲ್ಲ ಸೇರಿ ಗಂಟಿನಿಂದ 15 ಲಕ್ಷ ತೆಗೆದರು. ಒಟ್ಟು ನಷ್ಟ ಸುಮಾರು 24 ಲಕ್ಷ. ಇದು 7 ವರ್ಷದಲ್ಲಿ 46, 47 ಲಕ್ಷ ಆಗುತ್ತಿತ್ತು. 45ರ ಹೊತ್ತಿಗೆ ಅವರ ಗಂಟು ಉಳಿತಾಯ ಸೇರಿ ವರ್ಷಕ್ಕೆ 35 ಲಕ್ಷದಷ್ಟು ಬೆಳೆಯುತ್ತಿರುತ್ತದೆ. ಹಾಗಾಗಿ ಈಗಿನ ಒಂದು ವರ್ಷಕ್ಕೆ ಕೊನೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ವರ್ಷ ಜಾಸ್ತಿ ದುಡಿಯಬೇಕು.

10 ವರ್ಷದ ಮಗಳ ಜೊತೆ ಒಂದು ವರ್ಷ, ಬೆಲೆ 50ರ ಆಸುಪಾಸಿನಲ್ಲಿ ಒಂದೂವರೆ ವರ್ಷ ಆಫೀಸು. ನನ್ನನ್ನು ಕೇಳಿದರೆ ಅಗ್ಗ.

ನಿವೃತ್ತ ಮ್ಯಾನೇಜರ್

ವಾಪಸ್ ಕೆಲಸ ಸಿಗುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಐಟಿಯಲ್ಲಿ ಕೆಲಸವೇ ಇಲ್ಲ ಅಂತ ಮೇಲೆ ಒಬ್ಬರು ಹೇಳಿದರು. ಮನೆ ಸಾಲ ಇಟ್ಟುಕೊಂಡು ಸಂಬಳ ಬಿಡುವುದು ನನಗೆ ಒಪ್ಪಿಗೆ ಇಲ್ಲ. ಮೊದಲು ಸಾಲ ತೀರಿಸಲಿ.

ಲೆಕ್ಕದ ರಾಯ

ಇದನ್ನು ಒಪ್ಪುತ್ತೇನೆ ಸರ್. ಅಪಾಯ ಅಲ್ಲಿದೆ. ಸಂಬಳವಿಲ್ಲದ ರಜೆ ಸಿಗುತ್ತದಾ ಅಂತ ಮೊದಲು ಎಚ್‌ಆರ್ ಹತ್ತಿರ ವಿಚಾರಿಸಲಿ. ಆರು ತಿಂಗಳಾದರೂ ಸಿಕ್ಕರೆ ಒಳ್ಳೆಯದು.

ದುಬೈ ಬಂಟ

ನಾನು 49ಕ್ಕೆ ಮಂಗಳೂರಿಗೆ ವಾಪಸ್ ಬರುವ ತಯಾರಿಯಲ್ಲಿದ್ದೇನೆ. ಇಲ್ಲಿ ಪಿಂಚಣಿ ಇಲ್ಲ, ಗ್ರಾಚ್ಯುಟಿ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ದುಡ್ಡಿನ ಚಿಂತೆ ಅಷ್ಟಿಲ್ಲ. ಮಗನ ಕನ್ನಡದ ಚಿಂತೆ. ಅವನೀಗ ಆರನೇ ಕ್ಲಾಸ್. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ. ಕರ್ನಾಟಕದ ಶಾಲೆಗೆ ಬಂದರೆ ಕನ್ನಡ ಕಲಿಯಲೇಬೇಕಲ್ಲ? ಎಂಟಕ್ಕೆ ಬಂದು ಕನ್ನಡ ಶುರು ಮಾಡುವುದು ಹೇಗೆ ಅಂತ ಯಾರಾದರೂ ಹೇಳಿ.

ಮೇಷ್ಟ್ರು ಹಾಸನ

ಈಗಲೇ ಅಕ್ಷರ ಕಲಿಸಿ ಸರ್. ಎರಡು ಬೇಸಿಗೆ ರಜೆ ಸಾಕು. ತುಳು ಬರುವ ಹುಡುಗನಿಗೆ ಕನ್ನಡ ಕಷ್ಟ ಆಗುವುದಿಲ್ಲ, ಒತ್ತಕ್ಷರ ಬರೆಯುವುದಷ್ಟೇ ಅಭ್ಯಾಸ ಬೇಕು.

ಕುಂದಾಪುರದ ಶಾಂತಿ

ಒಂದು ವಿಷಯ ಯಾರೂ ಎತ್ತಲಿಲ್ಲ. ಆರೋಗ್ಯ ವಿಮೆ. ಕಂಪನಿ ಕೊಟ್ಟ ಪಾಲಿಸಿ ಕೆಲಸ ಬಿಟ್ಟ ದಿನವೇ ಮುಗಿಯಿತು ಅಂದುಕೊಳ್ಳಿ. ಅಪ್ಪ ಅಮ್ಮ ಅದರಲ್ಲೇ ಇದ್ದರೆ ಅವರದ್ದೂ ಹೋಯಿತು. ನಮ್ಮ ಮನೆಯಲ್ಲಿ ಹೀಗೇ ಆಗಿ, ಕೆಲಸ ಬದಲಾಯಿಸುವ ಮಧ್ಯದ ಎರಡು ತಿಂಗಳಲ್ಲಿ ಮಾವನಿಗೆ ಸ್ಟೆಂಟ್ ಹಾಕಿಸಬೇಕಾಯಿತು. ಪೂರ್ತಿ ಕೈಯಿಂದ.

ಸ್ವಂತ ಪಾಲಿಸಿ ಈಗಲೇ ತೆಗೆದುಕೊಳ್ಳಿ. ಮೊದಲೇ ಇರುವ ಬಿಪಿ, ಶುಗರ್ ಥರದ್ದಕ್ಕೆ ಕಾಯುವ ಅವಧಿ ಗರಿಷ್ಠ 3 ವರ್ಷ ಅಂತ 2024ರಲ್ಲಿ ನಿಯಮ ಮಾಡಿದ್ದಾರೆ. ಕೆಲಸ ಇರುವಾಗಲೇ ಆ 3 ವರ್ಷ ಕಳೆದುಬಿಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಮೊದಲು ಶೇ. 18 ಇತ್ತು.

ಡಬಲ್ ಸ್ಟ್ರಾಂಗ್ ಕಾಫಿ

ಮಗಳಿಗೆ 9 ಅಂದಿರಿ. ಸುಕನ್ಯಾ ಸಮೃದ್ಧಿ ಖಾತೆ ಇದೆಯಾ? 10 ತುಂಬಿದ ಮೇಲೆ ತೆರೆಯುವ ಹಾಗಿಲ್ಲ. ಬಡ್ಡಿ ಶೇ. 8.2.

ಲೆಕ್ಕದ ರಾಯ

ಈಗ ತೆರೆದರೆ 21 ವರ್ಷ, ಅವಳಿಗೆ 30 ಆಗಿರುತ್ತದೆ. 18 ತುಂಬಿದ ಮೇಲೆ ಓದಿಗೆ ಅರ್ಧ ತೆಗೆಯಬಹುದು. ಬೇಗ ನಿವೃತ್ತಿ ಬೇಕಾದವರು ಹೀಗೆ ಎಲ್ಲ ಕಡೆ ಬೀಗ ಹಾಕಿಕೊಂಡು ಕೂರಬಾರದು. ಕೈಗೆ ಸಿಗುವ ದುಡ್ಡು ಬೇಕು.

ಡಬಲ್ ಸ್ಟ್ರಾಂಗ್ ಕಾಫಿ

ಬೀಗ ಇದ್ದರೇ ಒಳ್ಳೆಯದು. ಇಲ್ಲಾಂದ್ರೆ ಅದೂ ಮನಾಲಿಗೆ ಹೋಗುತ್ತದೆ.

ಲೆಕ್ಕದ ರಾಯ

ಹಹ್ಹ. ಸರಿ, ಆದರೆ ಒಂದು ಎಚ್ಚರ. ಪೂರ್ತಿ ಷೇರಿನಲ್ಲಿಟ್ಟು ಕೆಲಸ ಬಿಡಬೇಡಿ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ದಾಟಿತ್ತು, ಅದೇ ಅಕ್ಟೋಬರ್‌ನಲ್ಲಿ 8 ಸಾವಿರಕ್ಕಿಂತ ಕೆಳಗೆ ಇಳಿದಿತ್ತು. ಆ ಜನವರಿಯಲ್ಲಿ ಕೆಲಸ ಬಿಟ್ಟು, ತಿಂಗಳ ಖರ್ಚಿಗೆ ಯೂನಿಟ್ ಮಾರುತ್ತಾ ಕೂತವನ ಗತಿ ಯೋಚಿಸಿ. ಆಮೇಲೆ ಮಾರುಕಟ್ಟೆ ಏರಿದರೂ ಮಾರಿದ ಯೂನಿಟ್ ವಾಪಸ್ ಬರುವುದಿಲ್ಲ. ಮೊದಲ ನಾಲ್ಕೈದು ವರ್ಷದ್ದೇ ಅಪಾಯ. ಮೂರು ವರ್ಷದ ಖರ್ಚು ಎಫ್‌ಡಿಯಲ್ಲೋ ಲಿಕ್ವಿಡ್ ಫಂಡಿನಲ್ಲೋ ಬೇರೆ ಇರಬೇಕು.

ತೀರ್ಥಹಳ್ಳಿ ರೈತ

ಊರಲ್ಲಿ ತೋಟ ಇದೆಯಲ್ಲ. ಊರಿಗೆ ಬನ್ನಿ. 85 ಸಾವಿರ ಖರ್ಚು ಯಾಕೆ ಬರುತ್ತದೆ?

ಮಂಡ್ಯದ ಗೌಡ

2020ರಲ್ಲಿ ಭೂಸುಧಾರಣಾ ಕಾಯ್ದೆ ಬದಲಾದ ಮೇಲೆ ಬೆಂಗಳೂರಿನವರೆಲ್ಲ ಜಮೀನು ತಗೊಂಡು ರೈತರಾಗಿದ್ದಾರೆ. ವಾರಕ್ಕೊಮ್ಮೆ ಬಂದು ಫೋಟೋ ತೆಗೆದುಕೊಂಡು ಹೋಗುವ ರೈತರು.

ಸಾಗರದವನು

ತೋಟ ಇದೆ ಸರ್, ಆದರೆ ಎಲೆಚುಕ್ಕಿ ರೋಗ ಬಂದು ಎರಡು ವರ್ಷದಿಂದ ಫಸಲು ಅರ್ಧ ಆಗಿದೆ. ಮದ್ದು ಹೊಡೆಯಲು ಮರ ಹತ್ತುವವರು ಸಿಗುವುದಿಲ್ಲ. ಅಪ್ಪ ಈಗಲೂ "ನೀನು ಕೆಲಸ ಬಿಡಬೇಡ" ಅಂತಲೇ ಹೇಳುವುದು.

ತೀರ್ಥಹಳ್ಳಿ ರೈತ

ಎಲೆಚುಕ್ಕಿಗೆ ಮಳೆಗೆ ಮುಂಚೆಯೇ ಸಿಂಪಡಣೆ ಆಗಬೇಕು. ಉದುರಿದ ಸೋಗೆ ತೋಟದಲ್ಲೇ ಬಿಡಬೇಡಿ, ಅದರಲ್ಲೇ ರೋಗ ಉಳಿಯುತ್ತದೆ. ಒಬ್ಬರೇ ಮಾಡಿದರೆ ಪ್ರಯೋಜನ ಇಲ್ಲ, ಪಕ್ಕದ ತೋಟದವರೂ ಮಾಡಬೇಕು. ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಹೊಡೆಯಬಹುದು.

ಕುಂದಾಪುರದ ಶಾಂತಿ

ಮಂಗನ ಕಾಟಕ್ಕೆ ಏನು ಮಾಡುತ್ತೀರಿ ಮಾರಾಯ್ರೆ? ನಮ್ಮ ತವರಿನಲ್ಲಿ ಒಂದು ಎಳನೀರು ಉಳಿಯುವುದಿಲ್ಲ.

ತೀರ್ಥಹಳ್ಳಿ ರೈತ

ಅದಕ್ಕೆ ಪರಿಹಾರ ಕಂಡುಹಿಡಿದವರು ಬೇಗ ನಿವೃತ್ತರಾಗಬಹುದು.

ನಿರ್ವಾಹಕ

ಅಡಿಕೆ, ಮಂಗಗಳಿಗೆ ಕೃಷಿ ವಿಭಾಗ ಇದೆ, ಅಲ್ಲಿ ಮುಂದುವರಿಸಿ 🙏

ಅಲೆಮಾರಿ ಅಪ್ಪ

ಸಾಗರದವರೇ, ಎಲ್ಲಿಗೆ ಹೋಗುವ ಆಸೆ ಅಂತ ಹೇಳಲೇ ಇಲ್ಲ.

ಸಾಗರದವನು

ಹಿಮಾಚಲದ ಸ್ಪಿತಿ ಕಣಿವೆ ಮೊದಲು. ಆಮೇಲೆ ಮೇಘಾಲಯ, ನೇಪಾಳ. ದುಡ್ಡು ಉಳಿದರೆ ವಿಯೆಟ್ನಾಂ.

ಅಲೆಮಾರಿ ಅಪ್ಪ

ಸ್ಪಿತಿಗೆ ಮಕ್ಕಳ ಜೊತೆ ಮನಾಲಿ ಕಡೆಯಿಂದ ಹೋಗಬೇಡಿ. ಒಂದೇ ದಿನದಲ್ಲಿ ಕುಂಜುಮ್ ಪಾಸ್ ಹತ್ತಬೇಕು, 4,500 ಮೀಟರಿಗೂ ಎತ್ತರ. ದೊಡ್ಡವರಿಗೇ ತಲೆ ಸಿಡಿಯುತ್ತದೆ. ಏಪ್ರಿಲ್, ಮೇ ನಮ್ಮ ಬೇಸಿಗೆ ರಜೆ, ಆಗ ಸಾಮಾನ್ಯವಾಗಿ ಆ ದಾರಿಯಲ್ಲಿ ಹಿಮ ಇನ್ನೂ ಇರುತ್ತದೆ. ಶಿಮ್ಲಾದಿಂದ ಕಿನ್ನೌರ್ ಮೇಲೆ ಹೋಗಿ. ಸರಾಹನ್, ಕಲ್ಪಾ, ನಾಕೋ, ಟಾಬೋ ಅಂತ ಒಂದೊಂದು ಕಡೆ ಎರಡೆರಡು ರಾತ್ರಿ ನಿಂತು ಕಾಜಾ ಸೇರಿ. ಮೈ ನಿಧಾನಕ್ಕೆ ಎತ್ತರಕ್ಕೆ ಒಗ್ಗುತ್ತದೆ. 4 ವರ್ಷದವನಿಗೆ ತಲೆ ನೋಯುತ್ತಿದೆ ಅಂತ ಹೇಳಲೂ ಬರುವುದಿಲ್ಲ, ಸುಮ್ನೆ ಅಳುತ್ತಾನೆ. ಅವನಿಗೆ ಇನ್ನೆರಡು ವರ್ಷ ಆಗಲಿ ಅನ್ನುತ್ತೇನೆ ನಾನು. ಡಾಕ್ಟರನ್ನು ಕೇಳದೆ ಕರೆದುಕೊಂಡು ಹೋಗಲೇಬೇಡಿ.

ಮೇಘಾಲಯದಲ್ಲಿ ನೊಂಗ್ರಿಯಾಟ್‌ನ ಎರಡಂತಸ್ತಿನ ಬೇರಿನ ಸೇತುವೆಗೆ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಇಳಿಯುವುದು ಸುಲಭ, ಹತ್ತುವಾಗ ಮಗ ನಿಮ್ಮ ಹೆಗಲ ಮೇಲೆ. ಕೆಳಗೆ ಹೋಮ್‌ಸ್ಟೇ ಇದೆ, ಒಂದು ರಾತ್ರಿ ಉಳಿಯಿರಿ.

ದುಬೈ ಬಂಟ

ವಿಯೆಟ್ನಾಂ ಒಳ್ಳೆ ಆಯ್ಕೆ. ಇ-ವೀಸಾ 90 ದಿನಕ್ಕೆ ಸಿಗುತ್ತದೆ. ಯುರೋಪಿಗೆ ಷೆಂಗೆನ್ ವೀಸಾ ಫೀಯೇ ದೊಡ್ಡವರಿಗೆ 90 ಯೂರೋ. 6ರಿಂದ 12 ವರ್ಷದ ಮಕ್ಕಳಿಗೆ 45, 6ರೊಳಗಿನವರಿಗೆ ಇಲ್ಲ. ಇನ್ನೊಂದು, ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಮಾತ್ರ. 10 ವರ್ಷ ಇರುತ್ತದೆ ಅಂದುಕೊಂಡು ಏರ್‌ಪೋರ್ಟಿನಲ್ಲಿ ಒದ್ದಾಡಿದವರನ್ನು ನೋಡಿದ್ದೇನೆ.

ಬೆಳಗಾವಿ ಸುಮಾ

ರೈಲಿನಲ್ಲಿ ಹೋಗುವವರು ಇದನ್ನೂ ಲೆಕ್ಕ ಹಿಡಿಯಿರಿ. 5ರಿಂದ 12 ವರ್ಷದ ಮಗುವಿಗೆ ಬರ್ತ್ ಬೇಕಂದ್ರೆ ಪೂರ್ತಿ ಟಿಕೆಟ್. ಅರ್ಧ ಟಿಕೆಟ್ ತೆಗೆದುಕೊಂಡರೆ ಬರ್ತ್ ಇಲ್ಲ, ನಿಮ್ಮ ಜೊತೆಯೇ ಮಲಗಿಸಿಕೊಳ್ಳಬೇಕು. ಮತ್ತೆ ಈಗ 120 ದಿನ ಮುಂಚೆ ಬುಕ್ ಮಾಡುವ ಹಾಗಿಲ್ಲ, 2024ರ ನವೆಂಬರ್‌ನಿಂದ 60 ದಿನ ಅಷ್ಟೇ. ಬೇಸಿಗೆ ರಜೆಗೆ ಹೊರಡುವವರು ಫೆಬ್ರವರಿಯಲ್ಲೇ ಬೆಳಿಗ್ಗೆ 8 ಗಂಟೆಗೆ ಫೋನ್ ಹಿಡಿದು ಕೂರಬೇಕು.

ನಿವೃತ್ತ ಮ್ಯಾನೇಜರ್

ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ತೆಗೆದವರು ಇನ್ನೂ ವಾಪಸ್ ಕೊಟ್ಟಿಲ್ಲ. 60 ಆದ ಮೇಲೆ ತಿರುಗೋಣ ಅಂತ ಕಾದವರಿಗೆ ಸಿಕ್ಕಿದ್ದು ಇದು.

ಡಬಲ್ ಸ್ಟ್ರಾಂಗ್ ಕಾಫಿ

ಮ್ಯಾನೇಜರ್ ಸರ್ ನಮ್ಮ ಪಾರ್ಟಿಗೆ ಬಂದ್ರು!

ನಿವೃತ್ತ ಮ್ಯಾನೇಜರ್

ಇಲ್ಲಪ್ಪ. ಸಾಲ ತೀರಿಸಿ ಹೋಗಲಿ ಅಂತಲೇ ನನ್ನ ಮಾತು. ಆದರೆ ಮೊಣಕಾಲು ಗಟ್ಟಿ ಇರುವಾಗ ಹೋಗಬೇಕು ಅನ್ನುವುದೂ ನಿಜ. ನಾನು ಕಳೆದ ವರ್ಷ ಯಾಣದ ಮೆಟ್ಟಿಲು ಹತ್ತಲಾಗದೆ ಅರ್ಧಕ್ಕೇ ಕೂತೆ.

ಸಾಗರದವನು

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಇವತ್ತು ಇಬ್ಬರೂ ಕೂತು ಇಡೀ ಚರ್ಚೆ ಓದಿದೆವು. ಸದ್ಯಕ್ಕೆ ಹೀಗೆ ಅಂತ ಇದ್ದೇವೆ.

45ರ ಗುರಿ ಬಿಡುತ್ತೇವೆ. ಎಫ್‌ಡಿ ಒಡೆಯದೆ, ಬೋನಸ್ಸನ್ನೆಲ್ಲ ಸಾಲಕ್ಕೆ ಹಾಕಿ 5 ವರ್ಷದ ಸಾಲವನ್ನು 3 ವರ್ಷದೊಳಗೆ ಮುಗಿಸುವುದು. ಆಗ ಮಗಳು ಏಳು ಮುಗಿಸಿರುತ್ತಾಳೆ, ಮಗ ಎರಡನೇ ಕ್ಲಾಸ್ ಮುಗಿಸಿರುತ್ತಾನೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸಂಬಳವಿಲ್ಲದ ರಜೆ ಕೇಳುತ್ತೇನೆ. ಕೊಡದಿದ್ದರೆ ಆಗ ಬಿಡುವ ಬಗ್ಗೆ ಯೋಚನೆ. ಅವಳು ಮೊದಲ ಮೂರು ತಿಂಗಳು ನಮ್ಮ ಜೊತೆ ಇರುತ್ತಾಳೆ, ಆಮೇಲೆ ಬೆಂಗಳೂರಿಗೆ ಬಂದು ಕ್ಲಿನಿಕ್ ಕೆಲಸ ಶುರು ಮಾಡುತ್ತಾಳಂತೆ. ಉಳಿದ ಮೂರು ತಿಂಗಳು ಮಕ್ಕಳು, ಅಡುಗೆ, ಪಾಠ ಎಲ್ಲ ನನ್ನದು. ಇದು ಅವಳ ಷರತ್ತು. ಸುಮಾ ಮೇಡಂ ಬರೆದದ್ದನ್ನು ಎರಡು ಸಲ ಓದಿ ಕೇಳಿಸಿದಳು.

ವಿಮೆ ಈ ತಿಂಗಳೇ ಮಾಡಿಸುತ್ತೇವೆ.

ಮೇಷ್ಟ್ರು ಹಾಸನ

ಎಂಟನೇ ಕ್ಲಾಸಿನ ಮೊದಲ ಟರ್ಮ್ ತಪ್ಪುತ್ತದೆ ಹಾಗಾದರೆ. ಮೇಲೆ ನಾನು ಹೇಳಿದ ಬೀಜಗಣಿತ ಅಲ್ಲೇ ಬರುವುದು. ಒಂದು ವರ್ಷ ಮುಂಚೆ ಆಗುವುದಿಲ್ಲವಾ?

ಲೆಕ್ಕದ ರಾಯ

ಎರಡು ವರ್ಷದಲ್ಲಿ ಸಾಲ ಮುಗಿಸುವಷ್ಟು ಬೋನಸ್ ಬರುತ್ತದಾ ಅವರನ್ನೇ ಕೇಳಬೇಕು. ಕಂತು ಎಷ್ಟು, ಬಾಕಿ ಎಷ್ಟು ಅಂತ ಬರೆಯಿರಿ ಸರ್, ನೋಡೋಣ.

ಬೆಳಗಾವಿ ಸುಮಾ

ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ. ಷರತ್ತನ್ನು ಕಾಗದದ ಮೇಲೆ ಬರೆಸಿಕೊಳ್ಳಲು ಹೇಳಿ 😀

ಮಂಡ್ಯದ ಗೌಡ

ನೇಪಾಳಕ್ಕೆ ಆಧಾರ್ ಕಾರ್ಡ್ ಸಾಕಲ್ವಾ? ನಾವೂ ಮುಂದಿನ ತಿಂಗಳು ಆರು ಜನ ಹೊರಟಿದ್ದೇವೆ.

ಅಲೆಮಾರಿ ಅಪ್ಪ

ದೊಡ್ಡವರಿಗೆ ಸಾಕಾಗುವುದಿಲ್ಲ. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು. 15ರೊಳಗಿನ ಮಕ್ಕಳಿಗೂ 65 ದಾಟಿದವರಿಗೂ ಮಾತ್ರ ಆಧಾರ್ ನಡೆಯುತ್ತದೆ.

ಮಂಡ್ಯದ ಗೌಡ

ಅಯ್ಯೋ, ನನ್ನ ವೋಟರ್ ಐಡಿ ಊರಲ್ಲಿದೆ. ಇವತ್ತೇ ಅಣ್ಣನಿಗೆ ಫೋನ್ ಮಾಡಿ ಕೊರಿಯರ್ ಮಾಡಿಸುತ್ತೇನೆ.